ಬರೀ ಸುಣ್ಣ

ಥೈರಾಯ್ಡ್ ಆಪರೇಷನ್ ಆದ ಮಾರನೆಯ ದಿನವೇ ಯಾರಾದರೂ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಾರೆಯೇ? ಹಾಸನದ ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದ ಮಲ್ಲಿಪಟ್ಟಣದ ಸುಬ್ಬಮ್ಮ, ಪಕ್ಕದ ಹಾಸಿಗೆಯ ಅಜ್ಜಿಯ ಚೀಲವನ್ನೇ ಎಳೆದುಕೊಳ್ಳುತ್ತಿದ್ದರು. ಕತ್ತಿನ ಹೊಲಿಗೆ ಇನ್ನೂ ಹಸಿ. ನನಗೆ ರೇಗಿಹೋಯಿತು.

"ಏನಮ್ಮಾ ಇದು? ಎಲೆ ಹಾಕೋ ಟೈಮಾ?"

"ಎಲೆ ಬ್ಯಾಡ ಕಣವ್ವ, ಅಡ್ಕೆನೂ ಬ್ಯಾಡ. ಬರೀ ಸುಣ್ಣ ವಸಿ ಕೊಡು, ನಾಲ್ಗೆಗೆ ಇಕ್ಕತೀನಿ."

"ಬಾಯಿ ಸುಟ್ಕೊಳ್ಳೋಕಾ? ಸುಮ್ನೆ ಮಲ್ಕೊಳ್ಳಿ!"

ಅವರ ಗಂಡ ಕೆಂಚಯ್ಯ ನಕ್ಕರು. "ಮದ್ವೆ ಆದಾಗಿಂದ ಇವ್ಳು ಎಲೆ ಮುಟ್ಟಿದೋಳೇ ಅಲ್ಲ ಸಿಸ್ಟರೇ. ಇವತ್ತೇನ್ ಬಂತೋ ಕಾಣೆ!"

"ನಂಗೂ ಗೊತ್ತಿಲ್ಲ ಕಣವ್ವ, ಮೈ ಕೇಳ್ತದೆ. ಬಾಯ್ ಸುತ್ತ ಜುಮುಜುಮು ಅಂತದೆ."

ಆ ಮಾತು ಕಿವಿಗೆ ಬಿದ್ದದ್ದೇ ನನ್ನ ರೇಗಾಟವೆಲ್ಲ ಇಳಿದುಹೋಯಿತು. ನನ್ನ ಅನುಮಾನ ನಿಜವೇ ಎಂದು ನೋಡಲು ಬಿಪಿ ಪಟ್ಟಿಯನ್ನು ತೋಳಿಗೆ ಸುತ್ತಿ, ಗಾಳಿ ತುಂಬಿ, ಬಿಡದೆ ಹಿಡಿದೆ. ನೋಡುತ್ತಿದ್ದಂತೆ ಸುಬ್ಬಮ್ಮನ ಮಣಿಕಟ್ಟು ಬಾಗಿತು. ಬೆರಳುಗಳೆಲ್ಲ ಮುದ್ದೆಯ ತುತ್ತು ಹಿಡಿದ ಹಾಗೆ ಒಂದುಗೂಡಿ ಸೆಟೆದುಕೊಂಡವು. ಪಟ್ಟಿ ಬಿಚ್ಚಿದರೂ ಬಿಡಲಿಲ್ಲ. ಇನ್ನೊಂದು ಕೈಯೂ ಹಾಗೇ ಆಯಿತು.

ಥೈರಾಯ್ಡಿನ ಬೆನ್ನಿಗೆ ಬೇಳೆಕಾಳಿನಷ್ಟು ಪುಟ್ಟ ಗ್ರಂಥಿಗಳು ಅಂಟಿಕೊಂಡಿರುತ್ತವೆ. ರಕ್ತದಲ್ಲಿನ ಕ್ಯಾಲ್ಸಿಯಂ ಕಾಯುವುದು ಅವೇ. ಗಡ್ಡೆ ತೆಗೆಯುವಾಗ ಅವು ನಲುಗಿದರೆ ಕ್ಯಾಲ್ಸಿಯಂ ಕುಸಿದು ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಕೈ ಹಿಡಿದ ಆ ಸೆಟೆತ ಗಂಟಲನ್ನೂ ಹಿಡಿದರೆ ಜೀವವೇ ಹೋಗುತ್ತದೆ. ಸುಣ್ಣದಲ್ಲಿರುವುದೂ ಕ್ಯಾಲ್ಸಿಯಮ್ಮೇ ಅಲ್ಲವೇ! ಯಾರು ಹೇಳಿಕೊಟ್ಟರು ಆ ಮೈಗೆ? ನಿಂತಲ್ಲೇ ನನ್ನ ರೋಮ ನಿಮಿರಿತು.

ಡಾಕ್ಟರ್ ಶಶಿಕಿರಣ್‌ಗೆ ಫೋನ್ ಮಾಡಿದೆ. "ರಕ್ತ ತೆಗೆದಿಟ್ಟು ಕ್ಯಾಲ್ಸಿಯಂ ಶುರು ಮಾಡಿ, ಬಂದೆ," ಎಂದರು. ಅಷ್ಟರಲ್ಲಿ ಸುಬ್ಬಮ್ಮನ ಉಸಿರು ಕೀ ಎನ್ನತೊಡಗಿತ್ತು. ನಾನು ಸಿರಿಂಜ್ ತರುವುದಕ್ಕೂ ಕೆಂಚಯ್ಯ ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು.

"ಬ್ಯಾಡಿ ಸಿಸ್ಟರೇ, ಮಾರಮ್ಮ ಮೈಮ್ಯಾಲೆ ಬಂದವ್ಳೆ! ಸೂಜಿ ಚುಚ್ಚಿದ್ರೆ ಮುನಿಸ್ಕತಾಳೆ."

"ಮಾರಮ್ಮ ಬಂದಿದ್ರೂ ಅವಳಿಗೂ ಉಸಿರು ಬೇಕಲ್ಲ ಯಜಮಾನ್ರೇ! ಸರೀರಿ ಆಚೆ!"

ಅವರು ಹೆಂಡತಿಯ ಮುಖ ನೋಡಿದರು. ತುಟಿ ನೀಲಿಗಟ್ಟುತ್ತಿತ್ತು. ಸರಿದರು.

ಕ್ಯಾಲ್ಸಿಯಂ ಅವಸರದಲ್ಲಿ ಕೊಟ್ಟರೆ ಹೃದಯ ನಿಲ್ಲಬಹುದು, ತಡಮಾಡಿದರೆ ಉಸಿರು. ಆಕ್ಸಿಜನ್ ಹಾಕಿ, ಮಾನಿಟರ್ ಮೇಲೆ ಕಣ್ಣಿಟ್ಟು, ಹನಿಹನಿಯಾಗಿ ಒತ್ತಿದೆ. ಕೈ ಓಡು ಓಡು ಎನ್ನುತ್ತಿತ್ತು, ನಾನು ಹಲ್ಲು ಕಚ್ಚಿ ತಡೆದೆ. ಶಶಿಕಿರಣ್ ಓಡಿ ಬಂದು ಗಂಟಲಿಗೆ ರಂಧ್ರ ಮಾಡುವ ಸಾಮಾನು ಬಿಚ್ಚಿಟ್ಟುಕೊಂಡು ನಿಂತರು.

ಮೊದಲು ಕೀ ಎನ್ನುವುದು ನಿಂತಿತು. ಆಮೇಲೆ ಕಿರುಬೆರಳು ಬಿಚ್ಚಿಕೊಂಡಿತು. ಅದರ ಪಕ್ಕದ್ದು. ಇನ್ನೊಂದು. ದೇವರೇ, ಒಂದಿಷ್ಟು ಬಣ್ಣವಿಲ್ಲದ ನೀರು ನರದೊಳಗೆ ಹೋಗಿ ಹೆಣ್ಣೊಬ್ಬಳನ್ನು ಬೆರಳು ಬೆರಳಾಗಿ ವಾಪಸ್ಸು ಕೊಡುತ್ತಿತ್ತು! ಎಷ್ಟು ವರ್ಷದಿಂದ ಸೂಜಿ ಹಿಡಿದಿದ್ದೇನೆ, ಹೀಗೆ ಮೈಮರೆತು ನೋಡಿದ್ದು ಅದೇ ಮೊದಲು. ಶಶಿಕಿರಣ್ ಹಿಡಿದಿದ್ದ ಬ್ಲೇಡು ಕೆಳಗಿಟ್ಟರು. ಕೆಂಚಯ್ಯ ಬಂದು ಹೆಂಡತಿಯ ಹೊದಿಕೆ ಸರಿಮಾಡಿದರು.

ಸುಬ್ಬಮ್ಮ ಬಿಚ್ಚಿದ ಅಂಗೈಯನ್ನು ಒಂದು ಗಳಿಗೆ ತಿರುಗಿಸಿ ನೋಡಿಕೊಂಡರು. ಆಮೇಲೆ ಅದೇ ಕೈ ಎತ್ತಿ ನನ್ನ ಹಣೆಯ ಬೆವರು ಒರೆಸಿದರು.

"ಎದ್ರುಕಂಡ್ಬುಟ್ಯಾ, ಮಗಾ?"

"ಹೂಂ ಕಣವ್ವ," ಎಂದೆ. "ತುಂಬಾ."