ಹಿಡಿದವನ ಹೆಸರು

ನಾನು ದೆವ್ವದ ಕಾದಂಬರಿ ಬರೆಯುವವನು. ಹೆಸರು ದೇವರಾಜ. ಈ ಹೆಸರಿಟ್ಟುಕೊಂಡು ದೆವ್ವ ಬರೆಯುತ್ತೀರಲ್ಲ ಎಂದು ಪರಿಚಯವಾದವರೆಲ್ಲ ನಗುತ್ತಾರೆ; ನಾನೂ ಮೊದಲ ಸಲ ಕೇಳಿದವನಂತೆ ನಗುತ್ತೇನೆ. ಕುಮಟೆಯ ಸಾಹಿತ್ಯ ಸಭೆಗಳಲ್ಲಿ ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸುತ್ತಾರೆ. ಚಹಾದ ಹೊತ್ತಿಗೆ ಮಾತ್ರ ಅಧ್ಯಕ್ಷರೇ ಹತ್ತಿರ ಬಂದು, ಮುಂದಿನ ವಾರದ ಕಂತಿನಲ್ಲಿ ಅವಳು ಬಾವಿಯಿಂದ ಏಳುತ್ತಾಳೋ ಇಲ್ಲವೋ ಎಂದು ಪಿಸುಗುಟ್ಟುತ್ತಾರೆ.

ನನ್ನ ಓದುಗರು ಏನನ್ನು ಬೇಕಾದರೂ ನಂಬುತ್ತಾರೆ. ತಲೆಯಿಲ್ಲದ ಖಲಾಸಿ ದೋಣಿ ನಡೆಸಿದ್ದನ್ನು ನಂಬಿದರು. ಮುಳುಗಿ ಸತ್ತ ಹೆಂಗಸೊಬ್ಬಳು ದಡಕ್ಕೆ ಬಂದು ಮದುವೆಯಾಗದ ಗಂಡಸರನ್ನು ಹಿಡಿಯುವುದನ್ನಂತೂ ಎಷ್ಟು ನಂಬಿದರೆಂದರೆ, ಆ ಕಾದಂಬರಿ ಬಂದ ಮೇಲೆ ಬಂದರದ ಹುಡುಗರು ಮುಸ್ಸಂಜೆಗೇ ಮನೆ ಸೇರತೊಡಗಿದರು. ಆದರೆ ಗಂಡಸೊಬ್ಬ ಇನ್ನೊಬ್ಬ ಗಂಡಸನ್ನು ಪ್ರೀತಿಸಿ, ಇಬ್ಬರೂ ಕುಮಟೆಯಲ್ಲಿ ಬಾಡಿಗೆ ಮನೆ ಹಿಡಿದು, ದೋಸೆಗೆ ಯಾರು ರುಬ್ಬಬೇಕೆಂದು ಜಗಳವಾಡಿಕೊಂಡು ಬದುಕಿರಬಹುದು ಎಂದರೆ, ಛೆ, ಅದೆಲ್ಲ ಬರೀ ಕಲ್ಪನೆ.

ಆ ಇನ್ನೊಬ್ಬ ಗಂಡಸು ಪ್ರದೀಪ. ಹೊನ್ನಾವರದ ಬದಿಯ ಅಡಿಕೆ ತೋಟದವರ ಮಗ, ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ನಾನು ಬರೆದದ್ದನ್ನೆಲ್ಲ ಮೊದಲು ಓದುವವನು ಅವನೇ. ಓದಿದ ದಿನ ಬಚ್ಚಲಿಗೆ ಹೋಗಬೇಕಾದರೂ ನನ್ನನ್ನು ಬಾಗಿಲ ಹೊರಗೆ ಕಾವಲು ನಿಲ್ಲಿಸುತ್ತಾನೆ. ಭಟ್ಕಳದ ನಮ್ಮ ಮನೆಯಲ್ಲಿ ಅವನು 'ರೂಮಿನವ'. ಹೆಸರನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ, ಅದಕ್ಕೆ.

ನನ್ನ ಅವ್ವ ಮಾಸ್ತಮ್ಮ ಭಟ್ಕಳ ಬಂದರದಲ್ಲಿ ಮೀನು ಮಾರುವವಳು. ನಿನ್ನೆಯ ಬಂಗಡೆಯನ್ನು ಇವತ್ತಿನದೆಂದು ಅವಳಿಗೆ ದಾಟಿಸಿದವರು ಇನ್ನೂ ಹುಟ್ಟಿಲ್ಲ. ಅಂಥ ಕಣ್ಣು ಮಗನ ವಿಷಯ ಬಂದಾಗ ಮಾತ್ರ ಮಂಜಾಗುತ್ತಿತ್ತು. ಈ ವರ್ಷ ಅವಳ ತಂಗಿ ಕಮಲಿ ಚಿಕ್ಕಿ ನನಗೆ ಕರ್ಕಿಯ ಹುಡುಗಿಯೊಬ್ಬಳನ್ನು ಗೊತ್ತುಮಾಡಿದಳು. ನಾನು ಒಲ್ಲೆ ಎಂದೆ. ಕಾರಣ ಕೇಳುವ ಬದಲು ಚಿಕ್ಕಿ ಕಾರಣವನ್ನೇ ತಂದಳು.

"ಅವ ಬರ್ದ ಆ ಹೆಣ್ ದೆವ್ವನೇ ಅವನ್ನ ಹಿಡದದೆ ಅಕ್ಕಾ. ನೋಡು ಬೇಕಾರೆ, ಫೋನ್ ಹಿಡ್ಕಂಡು ಒಬ್ನೇ ನಗ್ತ. ಆಯ್ತವಾರ ಉಂಡು ಕೈ ಒಣಗೂಕಿಲ್ಲ, ಕುಮಟೆಗೆ ಓಡ್ತ. ಯಾರೋ ಎಳ್ದಾಂಗೆ!"

ಎಳೆಯುತ್ತಿದ್ದುದು ನಿಜ. ಎಳೆಯುವವನು ಅಲ್ಲಿ ಬಟ್ಟೆ ಒಗೆದು ಹಾಕಿ ನನ್ನ ದಾರಿ ಕಾಯುತ್ತಿದ್ದ. ಆದರೆ ಸ್ವಂತ ಕಾದಂಬರಿಯ ಪಾತ್ರ ಹೀಗೆ ನನ್ನ ಮೇಲೇ ತಿರುಗಿ ಬಿದ್ದೀತೆಂದು ಎಣಿಸಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ದೆವ್ವ ಬಿಡಿಸಲು ಜಟ್ಟಣ್ಣ ಬಂದ. ಉಳಿದ ದಿನ ಆಟೋ ಓಡಿಸುವವನು, ಭಾನುವಾರ ದೆವ್ವ ಓಡಿಸುತ್ತಾನೆ. ನನ್ನನ್ನು ಮಣೆಯ ಮೇಲೆ ಕೂರಿಸಿ, ಲಿಂಬೆಹಣ್ಣು, ಅಡಿಕೆಯ ಹಿಂಗಾರ, ಕುಂಕುಮದ ನೀರು ಎಲ್ಲ ಎದುರಿಗಿಟ್ಟು ನಾಗರಬೆತ್ತ ಹಿಡಿದ. ನಾನು ಸುಮ್ಮನೆ ನಡುಗಿ ಬಿದ್ದರೆ ಸಾಕಿತ್ತು. ಬಿಟ್ಟಿತು ಎಂದು ಕಾಯಿ ಒಡೆದು, ಬರುವ ತಿಂಗಳೇ ನನ್ನ ಮದುವೆ ಮಾಡುತ್ತಿದ್ದರು. ಆ ಹುಡುಗಿಯ ಬಾಳೂ ಹಾಳು, ಪ್ರದೀಪನ ಬಾಳೂ ಹಾಳು. ನಿಜ ಹೇಳಿದರೆ ಅವ್ವ ನನ್ನ ಪಾಲಿಗಿಲ್ಲ. ಹೆದರಿಕೆಯನ್ನೇ ಬರೆದು ಬದುಕುವ ನನಗೆ ಅವತ್ತು ನಿಜವಾಗಿ ಹೆದರಿಕೆಯಾಯಿತು.

ನಮ್ಮಲ್ಲಿ ದೆವ್ವವನ್ನು ಏನೂ ಕೇಳದೆ ಓಡಿಸುವುದಿಲ್ಲ. ಹೆಸರು, ಊರು, ಏನು ಬೇಕು ಎಂದು ಮೂರನ್ನೂ ಕೇಳಬೇಕು. ಅದು ಕೇಳಿದ್ದಕ್ಕೆ ಮನೆಯವರು ಮಾತು ಕೊಡಬೇಕು. ಮನುಷ್ಯರಿಗೆ ನಮ್ಮ ಮನೆಯಲ್ಲಿ ಈ ಸೌಲಭ್ಯ ಇರಲಿಲ್ಲ.

"ಯಾರೇ ನೀನು? ಹೆಸರು ಹೇಳೇ!" ಜಟ್ಟಣ್ಣ ಗದರಿದ.

"ಪ್ರದೀಪ," ಎಂದೆ.

ಬೆತ್ತ ಮೇಲೆತ್ತಿದಲ್ಲೇ ನಿಂತಿತು. "ಗಂಡು ದೆವ್ವ!" ಎಂದಳು ಚಿಕ್ಕಿ.

"ಯಾರಾ... ಯಾವೂರಾ ನಿಂದು?" ಜಟ್ಟಣ್ಣ ಸಂಬೋಧನೆ ತಿದ್ದಿಕೊಂಡ.

"ಮನೆ ಹೊನ್ನಾವರದ ಬದಿಗೆ, ತೋಟದವರು. ಈಗ ಕುಮಟಾ."

"ಭಟ್ರ ಪೈಕಿಯಾ?"

"ಹೌದು."

"ಅಯ್ಯಯ್ಯೋ, ಬ್ರಹ್ಮರಾಕ್ಷಸ!" ಚಿಕ್ಕಿ ಕೈಮುಗಿದಳು. ಅವಳ ದನಿಯಲ್ಲಿ ಭಯದ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು. ಹಿಡಿದರೂ ದೊಡ್ಡ ಜಾತಿಯದೇ ಹಿಡಿದಿದೆಯಲ್ಲ.

"ಸತ್ತದ್ದು ಹ್ಯಾಂಗೆ?" ಜಟ್ಟಣ್ಣ ಕೇಳಿದ.

"ಸತ್ತಿಲ್ಲ. ಕಾಲೇಜಲ್ಲಿ ಕೆಮಿಸ್ಟ್ರಿ ಕಲಿಸ್ತ."

ನಾನು ಅವ್ವನ ಮುಖ ನೋಡಿದೆ. ಅವಳು ನೆಲ ನೋಡುತ್ತಾ ಉರುಳಿ ಹೋಗಿದ್ದ ಲಿಂಬೆಹಣ್ಣನ್ನು ಎತ್ತಿ ಮತ್ತೆ ತಟ್ಟೆಯಲ್ಲಿಟ್ಟಳು. ಅವಳಿಗೆ ಅರ್ಥವಾಗಿತ್ತು.

"ಎಂತ ಬೇಕು ನಿಂಗೆ?" ಜಟ್ಟಣ್ಣನ ದನಿ ಈಗ ಆಟೋದವನ ದನಿಯಾಗಿತ್ತು.

ಬರಹಗಾರನಲ್ಲವೇ, ಒಳ್ಳೆಯ ಮಾತು ನಾಲ್ಕು ಯೋಚಿಸಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. "ಮಾಸ್ತಮ್ಮನ ಕೈಯ ಊಟ ಬೇಕು," ಎಂದೆ. "ದೇವರಾಜನ್ನ ಬಿಡೂದಿಲ್ಲ."

ಅವ್ವ ಎದ್ದಳು. "ಕಮಲೀ, ಕರ್ಕಿಯವ್ರಿಗೆ ಫೋನ್ ಮಾಡು. ದೆವ್ವ ಗಟ್ಟಿ ಅದೆ, ಬಿಡೂದಿಲ್ಲ ಹೇಳು. ಊಟ ಹ್ಯಾಂಗೆ ಕೊಡೂದು ಜಟ್ಟಣ್ಣಾ?"

ಜಟ್ಟಣ್ಣ ಉಪಾಯ ಹೇಳಿದ. ಅಮಾಸೆಯ ಮಧ್ಯಾಹ್ನ ಗೇಟಿನ ಹೊರಗೆ ಬಾಳೆಲೆಯಲ್ಲಿ ಎಡೆ ಇಡಬೇಕು. ಮಾಸ್ತಮ್ಮನೇ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಭಟ್ಟರ ದೆವ್ವವಾದ್ದರಿಂದ ಮೀನು ಕೂಡದು. ಇದೊಂದು ಚಿಕ್ಕಿಗೆ ಸರಿ ಬರಲಿಲ್ಲ. ಮೀನು ತಿನ್ನದ ದೆವ್ವ ಇದ್ದೂ ಎಂತಕ್ಕೆ ಎಂದಳು.

ಹೀಗೆ ನಾನು ಗೆದ್ದೆ. ಮದುವೆ ತಪ್ಪಿತು. ದೇವರಾಜನಿಗೆ ಬ್ರಹ್ಮರಾಕ್ಷಸ ಹಿಡಿದಿದೆ ಎಂಬ ಸುದ್ದಿ ಮುಟ್ಟಳ್ಳಿಯವರೆಗೂ ಹೋಗಿ, ಊರಿನಲ್ಲಿ ನನ್ನ ಮರ್ಯಾದೆ ಹೆಚ್ಚಿತು. ಪ್ರಕಾಶಕರು ಹಳೆಯ ಕಾದಂಬರಿಯನ್ನು ಮತ್ತೆ ಅಚ್ಚು ಹಾಕಿದರು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ನಾನು ಆಡಿದ ಒಂದೇ ಒಂದು ನಿಜವನ್ನು ಎಲ್ಲರೂ ಕೂಡಿ ದೆವ್ವದ ಕತೆ ಮಾಡಿದ್ದರು. ಅಷ್ಟು ಚೆನ್ನಾಗಿ ನನಗೇ ಬರೆಯಲು ಬರುತ್ತಿರಲಿಲ್ಲ. ಹೊಟ್ಟೆ ಉರಿದುಹೋಯಿತು.

ಪ್ರದೀಪನಿಗೆ ಹೇಳಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

"ನಂಗಿನ್ನೂ ಜೀವ ಇದ್ದು ಮಾರಾಯಾ," ಎಂದ. "ಹೆಸ್ರು ಹಿಡಿದು ಕರದ್ರೆ ಬತ್ತೆ."

ತಮಾಷೆ ಎಂದುಕೊಂಡು ನಾನು ಒಬ್ಬನೇ ಮುಂಚಿತವಾಗಿ ಊರಿಗೆ ಹೋದೆ.

ಅಮಾಸೆಯ ಮಧ್ಯಾಹ್ನ ಅವ್ವ ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ, ಪಾಯಸ ಮಾಡಿ ಬಾಳೆಲೆಯಲ್ಲಿ ಬಡಿಸಿಕೊಂಡು ಗೇಟು ದಾಟಿದಳು. ಹಿಂದೆ ಚಿಕ್ಕಿ, ಅವಳ ಹಿಂದೆ ಕೇರಿಯ ಅರ್ಧ ಹೆಂಗಸರು. ನಾನು ಹಿಡಿಸಿಕೊಂಡವನಾದ್ದರಿಂದ ಪಕ್ಕದಲ್ಲೇ ನಿಂತಿದ್ದೆ.

"ಪ್ರದೀಪಾ," ಎಂದಳು ಅವ್ವ. ನನಗೆ ಮಾತ್ರ ಕೇಳಿಸಿತು. ಅವಳ ಬಾಯಲ್ಲಿ ಆ ಹೆಸರನ್ನು ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂಬುದು ಆಗ ತಿಳಿಯಿತು. ಇನ್ನೊಮ್ಮೆ ಕರೆದಳು. ಮೂರನೆಯದಕ್ಕೆ ಬಂದರದಲ್ಲಿ ಗಿರಾಕಿ ಕೂಗುವ ಗಂಟಲು ತೆಗೆದಳು. "ಪ್ರದೀಪಾ, ಊಟಕ್ಕೆ ಬಾ!"

"ಬಂದೆ," ಎಂದು ಪ್ರದೀಪ ಆಚೆ ಮನೆಯ ಕಂಪೌಂಡಿನ ನೆರಳಿನಿಂದ ಈಚೆ ಬಂದ.

ಚಿಕ್ಕಿ ಕಿರುಚಿ ಒಳಗೋಡಿ ಬಾಗಿಲಿಗೆ ಅಗಳಿ ಹಾಕಿಕೊಂಡಳು. ಹೆಂಗಸರು ದಿಕ್ಕಾಪಾಲಾದರು. ನನ್ನ ಯಾವ ಕಾದಂಬರಿಗೂ ಇಷ್ಟು ಒಳ್ಳೆಯ ಪರಿಣಾಮ ಸಿಕ್ಕಿರಲಿಲ್ಲ. ಆದರೆ ನನಗೆ ನಗು ಬರಲಿಲ್ಲ.

ಅವ್ವ ಕದಲಲಿಲ್ಲ. ಪ್ರದೀಪನ ಕೈಯಲ್ಲಿ ಹೆಲ್ಮೆಟ್ ಇತ್ತು. ಕೂದಲು ತಲೆಗೆ ಅಂಟಿತ್ತು, ಅಂಗಿ ಬೆವರಿನಲ್ಲಿ ನೆನೆದಿತ್ತು. ಅವ್ವ ಅವನನ್ನು ದೋಣಿಯಿಂದ ಇಳಿದ ಮೀನು ನೋಡುವಂತೆ ತಲೆಯಿಂದ ಕಾಲಿನವರೆಗೆ ನೋಡಿದಳು. ಅವನು ಹೆಲ್ಮೆಟ್ ಕೆಳಗಿಟ್ಟು ಎಲೆಗೆ ಎರಡೂ ಕೈ ಚಾಚಿದ. ಅವ್ವ ಎಲೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಇದು ನಿಂಗಲ್ಲ," ಎಂದಳು. "ಸತ್ತವ್ರಿಗೆ ಅಂತ ಉಪ್ಪು ಹಾಕದೆ ಮಾಡಿದ್ದು. ಒಳಗೆ ಬಾ, ಬೇರೆ ಬಡಿಸ್ತೆ."