ನಡುವೆ ಸವೆದ ದಿಮ್ಮಿ

ಬೆಳಗಿನ ಬಿಸಿಲು ಮಾಂಸದಂಗಡಿಯ ಕಿಟಕಿಯಿಂದಿಳಿದು ಮರದ ದಿಮ್ಮಿಯ ಮೇಲೆ ನಿಂತಿತ್ತು. ಹಿಂದಿನ ಸಂಜೆ ಉಜ್ಜಿದ ಉಪ್ಪಿನ ಹರಳುಗಳು ಅದರ ಬಿರುಕುಗಳಲ್ಲಿ ಇನ್ನೂ ಮಿನುಗುತ್ತಿದ್ದವು. ಅಂಚು ಎತ್ತರ, ನಡುವೆ ಮಾತ್ರ, ಎರಡು ತಲೆಮಾರಿನ ಮಚ್ಚಿನೇಟಿಗೆ ಸವೆದು, ಬೊಗಸೆಯಂಥ ತಗ್ಗು. ಆ ತಗ್ಗಿನಲ್ಲಿ ಬೆಳಕು ನೀರಿನಂತೆ ತುಂಬಿಕೊಂಡಿತ್ತು. ಗೋಡೆಯ ಕೊಕ್ಕೆಗಳು ಖಾಲಿ. ಏನೊಂದೂ ಅಲುಗುತ್ತಿರಲಿಲ್ಲ.

ಬಾಗಿಲಲ್ಲಿ ನಿಂತ ಮಾಂಸ ತಪಾಸಣಾಧಿಕಾರಿಗೆ ಒಳಗೆ ಕಾಲಿಡಲು ಮನಸ್ಸಾಗಲಿಲ್ಲ. ಅಂಗಡಿ ಅವನ ಅಕ್ಕನದು. ಹಳೆಯ ನಿಯಮಗಳನ್ನು ತಿದ್ದಿದ ಸಮಿತಿಯಲ್ಲಿ ಅವನೂ ಇದ್ದ. ಮಾಂಸ ಕಡಿಯಲು ಮರ ಬಳಸಕೂಡದು ಎಂಬ ಸಾಲು ಅವನದೇ. ಬಿರುಕುಗಳಲ್ಲಿ ರೋಗಾಣು ಬೆಳೆಯುವುದನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ಕಂಡೇ ಬರೆದಿದ್ದ. ಮರುದಿನ ಬೇರೊಬ್ಬ ಅಧಿಕಾರಿ ಬರುವವನಿದ್ದ. ದಿಮ್ಮಿ ಕಂಡರೆ ಲೈಸೆನ್ಸ್ ಹೋದಂತೆಯೇ. ಅದಕ್ಕೆಂದೇ ಇಂದು ಬರೀ ತಮ್ಮನಾಗಿ ಬಂದಿದ್ದ.

“ಬಾರಪ್ಪಾ ಸರ್ಕಾರ! ಒಳಗೆ ಬರೋಕೂ ಏನಾದ್ರೂ ಕಾನೂನು ಮಾಡಿದ್ಯಾ?” ಎನ್ನುತ್ತ ಅಕ್ಕ ಒಳಕೋಣೆಯಿಂದ ಬಂದಳು.

“ತಮಾಷೆ ಬಿಡಕ್ಕಾ. ಪ್ಲಾಸ್ಟಿಕ್ ಹಲಗೆ ತಂದ್ಯಾ?”

“ತಂದೆ ಕಣೋ. ಆಸ್ಪತ್ರೆ ಹಾಸಿಗೆ ಥರ ಬೆಳ್ಳಗಿದೆ, ಮುಟ್ಟೋಕೇ ಭಯ. ನೋಡ್ತಿರು.”

ಹಲಗೆಯನ್ನು ಮೇಜಿನ ಮೇಲಿಟ್ಟು, ಒಳಗಿನಿಂದ ತಂದ ಕುರಿಯ ತೊಡೆಯೊಂದನ್ನು ಅದರ ಮೇಲಿರಿಸಿದಳು. ಅವಳ ಎಡಭುಜ ಸ್ವಾಧೀನ ತಪ್ಪಿ ಎಷ್ಟೋ ಕಾಲವಾಗಿತ್ತು. ಆ ಕೈಯ ಬೆರಳುಗಳಿಗೆ ಬಿಗಿಯಿಲ್ಲ. ಬಲಗೈ ಮಚ್ಚನ್ನೆತ್ತಿತು. ತೊಡೆ ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಅದನ್ನು ಒತ್ತಿ ಹಿಡಿಯಹೋದ ಎಡಗೈಯ ಪಕ್ಕದಲ್ಲೇ, ಕೂದಲೆಳೆಯಷ್ಟು ದೂರದಲ್ಲಿ, ಮಚ್ಚು ಬಿತ್ತು.

“ಅಯ್ಯೋ, ನಿಲ್ಸು!” ಎಂದು ಚೀರಿದ. “ಹಲಗೆ ಕೆಳಗೆ ಒದ್ದೆ ಬಟ್ಟೆ ಹಾಸಿದ್ರೆ?”

“ಹಲಗೆ ನಿಂತೇ ಇದೆಯಲ್ಲೋ ಜಾಣ, ಜಾರ್ತಿರೋದು ಮಾಂಸ. ದಿಮ್ಮೀಲಿ ಆ ತಗ್ಗು ಹಿಡ್ಕೊಳ್ತಿತ್ತು. ಈ ಕೈ ಮಾಡ್ಬೇಕಾದ ಕೆಲ್ಸಾನ ಅದು ಮಾಡ್ತಿತ್ತು.”

ಸಮಿತಿಗೆ ಕೊಟ್ಟ ವರದಿಯಲ್ಲಿ ಅಂಥ ತಗ್ಗುಗಳ ಆಳವನ್ನು ಅಳೆದು, ದೋಷವೆಂದು ಅವನೇ ಹೆಸರಿಟ್ಟಿದ್ದ. ಅಕ್ಕನ ಭುಜ ಅವನಿಗೆ ತಿಳಿಯದ್ದಲ್ಲ. ಆ ಭುಜದೊಡನೆ ಅವಳು ಹೇಗೆ ಕಡಿಯುತ್ತಾಳೆಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

“ಕಡಿಯೋಕೆ ಯಾರನ್ನಾದ್ರೂ ಇಟ್ಕೋ ಅಕ್ಕಾ.”

“ಇಟ್ಕೊಂಡು ನಾನು ನೊಣ ಹೊಡೀತಾ ಕೂರ್ಲಾ? ಈ ವ್ಯಾಪಾರದಲ್ಲಿ ಎರಡು ಹೊಟ್ಟೆ ತುಂಬಲ್ಲಪ್ಪ.”

“ಹಾಗಾದ್ರೆ... ನಾಳೆ ಬರೋರಿಗೆ ನಾನೊಂದು ಮಾತು ಹೇಳ್ತೀನಿ.”

“ಏನಂತ? ನಮ್ಮಕ್ಕನ ಅಂಗಡೀಲಿ ರೋಗ ಬರಲ್ಲ ಅಂತಾನಾ?”

ಅಕ್ಕ ಮಚ್ಚನ್ನು ತೊಳೆದು ಒರೆಸಿಟ್ಟಳು.

“ನೀನು ಬರೆದದ್ದು ತಪ್ಪಂತ ನಾನು ಹೇಳಲ್ಲ. ಬರೆಯೋ ಮುಂಚೆ ಒಂದ್ಸಲ ಬಂದು ನೋಡ್ಬಹುದಿತ್ತು, ಅಷ್ಟೇ.”

ಗೋಡೆಯಿಂದ ಲೈಸೆನ್ಸನ್ನು ಇಳಿಸಿ, ಅದರ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಅವನ ಕೈಗಿತ್ತಳು. “ತಗೋ, ಅಂಗಡಿ ಮುಚ್ತೀನಿ. ನಾಳೆ ಗುರುತಿಲ್ಲದೋರ ಕೈಗೆ ಕೊಡೋಕಿಂತ ಇದು ವಾಸಿ.”

ಅದನ್ನು ಎದೆಗವಚಿಕೊಂಡು ಅವನು ಬೀದಿಗಿಳಿದ. ತಪ್ಪಾಯ್ತಕ್ಕಾ ಎನ್ನಲು ತಿರುಗುವಷ್ಟರಲ್ಲಿ, ಹಿಂದೆ, ಸಿಟ್ಟೇನೂ ಇಲ್ಲದೆ, ಬಾಗಿಲು ಮುಚ್ಚಿಕೊಂಡಿತು.