ನೀರು ಹಿಡಿದು ನಿಂತ ಹೇಮರಾಜರು

ಹೇಮರಾಜರ ಮನೆಯ ಮೆಟ್ಟಿಲೇರಿದವರಿಗೆ ಮೊದಲು ಕಾಣುವುದು ಹೇಮರಾಜರಲ್ಲ, ನೀರು. ಹಿತ್ತಾಳೆಯ ಒಂದು ಚೆಂಬು, ಪಕ್ಕದಲ್ಲಿ ತಟ್ಟೆಯ ಮೇಲೊಂದು ಬೆಲ್ಲದ ತುಂಡು, ಅವೆರಡರ ಹಿಂದೆ ಒಳಕೋಣೆಯ ನೆರಳಿನಿಂದ ನಿಧಾನವಾಗಿ ಮೂಡಿ ಬರುವ ಒಂದು ನಗು. ಬಂದವರು ನೆಂಟರೋ, ಕರೆಂಟು ಬಿಲ್ಲಿನವರೋ, ಬಸದಿಗೆ ದಾರಿ ಕೇಳಲು ಬಂದ ಪ್ರವಾಸಿಗಳೋ ಎಂಬುದೆಲ್ಲ ಆಮೇಲಿನ ವಿಚಾರ. “ಒಂದು ಗುಟುಕು, ಮತ್ತೆ ಮಾತು” ಎನ್ನುವುದು ಅವರ ಪಲ್ಲವಿ. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿಯೇ. ಆದರೆ ಉಳಿದವರಲ್ಲಿ ಪದ್ಧತಿಯಾಗಿರುವುದು ಇವರಲ್ಲಿ ವ್ರತ, ಕೆಲವೊಮ್ಮೆ ಶುದ್ಧ ಹಠ. ಬೇಡವೆಂದರೆ ಅವರ ಮುಖ ಸಣ್ಣದಾಗುತ್ತದೆ. ಅವರಲ್ಲಿಗೆ ಹೋಗುವುದಿದ್ದರೆ ನಾನು ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ.

ಮೂಡುಬಿದಿರೆಯ ಪೇಟೆಯಲ್ಲಿ ಅವರದು ಪಾತ್ರೆಯ ಅಂಗಡಿ. ನಡೆಯುವಾಗ ದೃಷ್ಟಿ ಸದಾ ನೆಲದ ಮೇಲೆ. ಇರುವೆಯ ಸಾಲು ಅಡ್ಡ ಬಂದರೆ ಎತ್ತಿದ ಪಾದ ಗಾಳಿಯಲ್ಲೇ ತಡೆದು, ಸುರಕ್ಷಿತವಾದ ಜಾಗವೊಂದನ್ನು ಹುಡುಕಿ, ಅನುಮತಿ ಬೇಡುವ ರೀತಿಯಲ್ಲಿ ಊರುತ್ತದೆ. ಮೈಮೇಲೆ ಬೇಸಗೆಯಲ್ಲೂ ಬಿಡದ ಬೂದುಬಣ್ಣದ ತೋಳಿಲ್ಲದ ಕೋಟು, ಅದರ ಕಿಸೆಯಲ್ಲಿ ಮಡಚಿಟ್ಟ ಬಿಳಿಯ ಬಟ್ಟೆ. ಬೆಳ್ತಂಗಡಿಯಲ್ಲಿ ಮದುವೆಯಿರಲಿ, ಧರ್ಮಸ್ಥಳದಲ್ಲಿ ಕಾರ್ಯಕ್ರಮವಿರಲಿ, ಆ ಬಟ್ಟೆಯಲ್ಲಿ ಸೋಸದ ನೀರು ಅವರ ಗಂಟಲಿಗೆ ಇಳಿಯದು. ಕಣ್ಣಿಗೆ ಕಾಣದ ಜೀವವೂ ಜೀವವೇ ಎಂಬ ಅವರ ಜೈನಧರ್ಮದ ಮಾತನ್ನು ಅವರು ಯಾರಿಗೂ ಉಪದೇಶಿಸಿದವರಲ್ಲ. ಬಟ್ಟೆ ಕಟ್ಟಿ, ಸೋಸಿ, ಹಿಂಡದೆ ಒಣಗಿಸಿ, ಮಡಚಿ ಕಿಸೆಗೆ ಹಾಕಿಕೊಂಡರು, ಅಷ್ಟೆ.

ಅವರ ಹೆಂಡತಿ ಅನಂತಮತಿಯವರಿಗೆ ಗಿಡಗಳ ಮರುಳು, ಅದರಲ್ಲೂ ನರ್ಸರಿಯವರು ಸಕ್ಯುಲೆಂಟ್ ಎಂದು ಕರೆಯುವ ದಪ್ಪ ಎಲೆಯ ಪುಟ್ಟ ಗಿಡಗಳದ್ದು. ಬಂಟ್ವಾಳದ ಕಡೆ ಹೋದಾಗಲೆಲ್ಲ ಬಿ.ಸಿ. ರೋಡಿನಲ್ಲಿ ಬಸ್ಸಿಳಿದು ಒಂದಾದರೂ ಚಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದರು. ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಕಿಟಕಿಗೆ ಬಿದ್ದಾಗ ಆ ಎಲೆಗಳೊಳಗೆ ಹಸಿರು ಬೆಳಕು ನಿಂತಿರುತ್ತಿತ್ತು. ನೋಡುತ್ತಾ ಕುಳಿತರೆ ಹೊತ್ತು ಎಲ್ಲಿಗೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಹೇಮರಾಜರು ಆಗ ಅವುಗಳನ್ನು ಮುಟ್ಟುತ್ತಿರಲಿಲ್ಲ. ಮುಟ್ಟಲು ಆಕೆ ಬಿಡುತ್ತಲೂ ಇರಲಿಲ್ಲ.

ಕಳೆದ ವರ್ಷ ಅನಂತಮತಿಯವರು ಮಂಗಳೂರಿನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನವೇ ತೀರಿಕೊಂಡರು. ಆಮೇಲೆ ಕಿಟಕಿಯ ಗಿಡಗಳು ಒಂದೊಂದಾಗಿ ಹೋಗತೊಡಗಿದವು. “ಅವಳಿಲ್ಲ ಅಂತ ಗಿಡಗಳಿಗೆ ಗೊತ್ತಾಗಿದೆ ಮಾಷ್ಟ್ರೇ” ಎಂದು ಹೇಮರಾಜರು ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ನನ್ನ ಹೆಂಡತಿ ವಸುಧಾ ಮಾತ್ರ ಚಟ್ಟಿಯೊಳಗೆ ಬೆರಳು ಹಾಕಿ ನೋಡಿದಳು. ಮಣ್ಣು ಗದ್ದೆಯ ಕೆಸರಾಗಿತ್ತು.

“ಹೇಮಣ್ಣ, ದಿನಕ್ಕೆ ಎಷ್ಟು ಸಲ ನೀರು ಹಾಕ್ತೀರಿ?”

“ನಾನು ಕುಡಿಯುವಾಗೆಲ್ಲ” ಎಂದರು ಅವರು, ಸಹಜವಾಗಿ.

ಉಳಿದಿದ್ದುದು ಒಂದೇ ಗಿಡ, ಅದೂ ಬುಡದಿಂದ ಕೊಳೆತು ಕಪ್ಪಾಗಿತ್ತು. ವಸುಧಾ ಮೇಲಿನ ಗಟ್ಟಿ ಎಲೆಗಳನ್ನಷ್ಟೇ ಬಿಡಿಸಿ ತಂದು ನಮ್ಮ ಜಗಲಿಯಲ್ಲಿ ಪೇಪರಿನ ಮೇಲೆ ಹರವಿದಳು. ಮಣ್ಣಿಲ್ಲ, ನೀರಿಲ್ಲ, ಆದರೂ ವಾರಗಳು ಕಳೆದಂತೆ ಎಲೆಯ ಬುಡದಲ್ಲಿ ಗುಲಾಬಿ ಬಣ್ಣದ ಬೇರು ನೂಲಿನಷ್ಟು ತೆಳ್ಳಗೆ ಇಳಿಯಿತು. ಹೇಮರಾಜರು ದಿನವೂ ಅಂಗಡಿಯಿಂದ ಬರುವಾಗ ನಿಂತು, ತೊಟ್ಟಿಲಿಗೆ ಬಗ್ಗುವವರ ಹಾಗೆ ಬಗ್ಗಿ ನೋಡಿ ಹೋಗುತ್ತಿದ್ದರು. ಅನಂತಮತಿಯವರ ಕೈಯ ಗಿಡವೆಂದು ಈ ಲೋಕದಲ್ಲಿ ಇನ್ನುಳಿದದ್ದು ಇದಿಷ್ಟೇ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಒಂದು ಭಾನುವಾರ ಮರಳು ಬೆರೆಸಿದ ಒಣ ಮಣ್ಣಿನಲ್ಲಿ ಆ ಎಲೆಗಳನ್ನು ನೆಟ್ಟು, ಚಟ್ಟಿಗಳನ್ನು ಅವರ ಕಿಟಕಿಗೇ ಮರಳಿಸಿದೆವು. ಕೂಡಲೇ ಚೆಂಬು ಬಂತು. ವಸುಧಾ ಕೈ ಅಡ್ಡ ಹಿಡಿದಳು.

“ಬೇಡ ಹೇಮಣ್ಣ. ನೆಡುವಾಗ ಬೇರಿಗೆ ಸಣ್ಣ ಗಾಯ ಆಗಿರ್ತದೆ. ಅದು ಒಣಗುವ ಮೊದಲು ನೀರು ಬಿದ್ರೆ ಕೊಳೀತದೆ. ಒಂದು ವಾರ ಹೋಗಲಿ, ನಾನೇ ಹೇಳ್ತೇನೆ.”

“ಹೊಸ ಮನೆಗೆ ಬಂದದ್ದು ವಸುಧಕ್ಕ! ಬಾಯಿಗೆ ನೀರು ಕೊಡದೆ ಕೂರಿಸುವುದು ಹೇಗೆ?”

“ಅದರ ಹೊಟ್ಟೆ ತುಂಬಾ ನೀರೇ ಉಂಟು ಮಾರಾಯ್ರೆ!”

ಅವರು ನಗಲಿಲ್ಲ. ನಾವಿಬ್ಬರೂ ನಕ್ಕೆವು, ದಾರಿಯುದ್ದಕ್ಕೂ ನಕ್ಕೆವು.

ಮೂರ್ನಾಲ್ಕು ದಿನ ಕಳೆದು, ಸೂರ್ಯಾಸ್ತಕ್ಕೆ ಮುನ್ನ ಅವರ ಊಟ ಮುಗಿಯುವ ಹೊತ್ತಿಗೆ ಹೋದೆ. ಬಾಗಿಲು ತೆರೆದಿತ್ತು, ನೀರು ಬರಲಿಲ್ಲ. ಒಳಗೆ ಹೋದರೆ ಹೇಮರಾಜರು ಕಿಟಕಿಯ ಮುಂದೆ ಚೆಂಬು ಹಿಡಿದು ನಿಂತಿದ್ದಾರೆ. ಇಳಿಬಿಸಿಲಿನಲ್ಲಿ ಎಲೆಗಳು ಸ್ವಲ್ಪ ಸುಕ್ಕುಗಟ್ಟಿ, ಅಂಚಿನಲ್ಲಿ ಕೆಂಪಾಗಿದ್ದವು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ, ಕೋಣೆಯಲ್ಲಿ ಹೊತ್ತೇ ಸರಿಯುತ್ತಿಲ್ಲವೆಂದು ನನಗೆ ಅನಿಸಿತು.

“ಆಪರೇಷನ್ ಆದ ಮೇಲೆ ಡಾಕ್ಟ್ರು ಹೇಳಿದ್ರು, ಒಂದು ಹನಿ ಕೊಡಬಾರದು, ಒಳಗಿನ ಹೊಲಿಗೆ ಬಿಟ್ಟುಹೋಗ್ತದೆ ಅಂತ” ಎಂದರು, ತಿರುಗದೆ. “ಅವಳು ಕಣ್ಣು ಬಿಟ್ಟವಳು ‘ಬಾಜೆಲ್’ ಅಂದ್ಲು. ಬಾಯಾರಿಕೆ ಅಂತ. ಮತ್ತೆ ಮತ್ತೆ ಅದೊಂದೇ ಮಾತು. ನಾನು ಕೊಡಲಿಲ್ಲ ಮಾಷ್ಟ್ರೇ. ಬಾಟಲಿ ನನ್ನ ಕೈಯಲ್ಲೇ ಇತ್ತು. ನಾಳೆ ಕೊಡ್ತೇನೆ ಅಂದೆ.”

ಊರಿಗೆಲ್ಲ ನೀರು ಕೊಟ್ಟ ಮನುಷ್ಯ. ನನಗೆ ವಸುಧಾ ಹೇಳಿದ್ದೆಲ್ಲ ಮರೆತೇಹೋಯಿತು. “ಹಾಕಿಬಿಡಿ ಹೇಮರಾಜರೇ” ಎಂದೆ. “ಒಂದು ಗುಟುಕಿಗೆ ಏನೂ ಆಗಲಿಕ್ಕಿಲ್ಲ.”

ಅವರು ಚೆಂಬನ್ನು ಎತ್ತಿದರು. ಚಟ್ಟಿಯ ಅಂಚಿನವರೆಗೆ ತಂದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, “ನೀವೇ ಕುಡೀರಿ. ಇದು ಬದುಕಬೇಕು” ಎಂದರು.

ಕುಡಿದೆ. ಅಂಥ ನೀರನ್ನು ನಾನು ಕುಡಿದದ್ದಿಲ್ಲ.

ವಾರ ಕಳೆದ ಮೇಲೆ ವಸುಧಾ ಹೂಂ ಎಂದಳು. ಹೇಮರಾಜರು ಮಣ್ಣಿನ ಅಂಚಿನಿಂದ, ಎಲೆಗೆ ತಾಗದ ಹಾಗೆ, ನೀರು ಕೆಳಗಿನ ತೂತಿನಿಂದ ಇಳಿಯುವವರೆಗೆ ಹಾಕಿ, ಕೈ ಹಿಂದೆ ಕಟ್ಟಿ ನಿಂತರು. ಈಗ ಆ ಎಲೆಗಳ ಬುಡದಲ್ಲಿ ಅಂಗಿಯ ಗುಂಡಿಯಷ್ಟು ಪುಟ್ಟ ಗಿಡಗಳು ಕುಳಿತಿವೆ. ಮಣ್ಣು ಪೂರ್ತಿ ಒಣಗದೆ ಅವರು ನೀರು ಹಾಕುವುದಿಲ್ಲ.

ಕೊಡುವುದೊಂದನ್ನೇ ಪ್ರೀತಿಯೆಂದು ತಿಳಿದು ಬಾಳಿದ ಇಂಥವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬದುಕು ಎಂದೋ ಒಂದು ದಿನ ಇವರ ಕೈಯಿಂದಲೇ ‘ಇಲ್ಲ’ ಎಂದು ಹೇಳಿಸುತ್ತದೆ. ಆ ಒಂದು ‘ಇಲ್ಲ’ವನ್ನು ತೊಳೆಯಲು ಇವರು ಉಳಿದ ಆಯುಷ್ಯವನ್ನೆಲ್ಲ ಸುರಿಯುತ್ತಾರೆ. ಅಂದು ಕೈ ತಡೆದದ್ದೂ ಪ್ರೀತಿಯೇ ಎಂದು ನಾವು ಎಷ್ಟು ಹೇಳಿದರೂ ಇವರು ನಂಬುವವರಲ್ಲ. ನಂಬಬೇಕಾದರೆ, ಇವರು ನೀರು ಕೊಡದೆ ಇದ್ದುದರಿಂದಲೇ ಬದುಕಿ ಉಳಿದ ಒಂದು ಜೀವ ಇವರ ಕಣ್ಣೆದುರಿಗೆ ಇರಬೇಕು.